ಚಾ ಊಟವಲ್ಲ ಎಂದವಳು

ಸಾವಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು. ಬೆಳಗಿನ ನಾಲ್ಕಕ್ಕೆ ನನಗೆ ಈಗಲೂ ಎಚ್ಚರವಾಗುತ್ತದೆ. ಹದಿನಾರು ವರ್ಷ ಗೋಡೆಯ ಆಚೆಯಿಂದ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಎದ್ದವಳು ನಾನು. ಈಗ ಸಪ್ಪಳವಿಲ್ಲ. ಎದ್ದು ಕೂತು ಮಾಡಲು ಏನೂ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ನವಲಗುಂದ ತಾಲೂಕಿನದು. ತಿರ್ಲಾಪುರ ದಾಟಿ ಇನ್ನೂ ಒಳಗೆ, ಬಸ್ಸು ದಿನಕ್ಕೆ ಮೂರು ಸಲ ಬಂದು ತಿರುಗಿಕೊಂಡು ಹೋಗುವ ಊರು. ನಾನು ಇಲ್ಲಿ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ನನ್ನ ಬಾಡಿಗೆ ಮನೆಗೂ ಸಾವಕ್ಕನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಊರವರಿಗೆ ಅವಳು ರೊಟ್ಟಿ ಸಾವಕ್ಕ. ದಿನಕ್ಕೆ ನೂರಿಪ್ಪತ್ತು ಜೋಳದ ರೊಟ್ಟಿ ಮಾಡುತ್ತಿದ್ದಳು. ಅರ್ಧ ಮೊದಲ ಬಸ್ಸಿಗೆ ಅಣ್ಣಿಗೇರಿಯ ಖಾನಾವಳಿಗೆ ಹೋಗುತ್ತಿದ್ದವು, ಉಳಿದದ್ದು ಊರೊಳಗೆ. ಹದಿನಾರನೇ ವಯಸ್ಸಿಗೆ ಕುಂದಗೋಳದ ಕಡೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಂದು ಮದುವೆಯಾದ. ಒಂದು ಟ್ರಂಕು ಹೊತ್ತುಕೊಂಡು ತವರಿಗೆ ಬಂದಾಗ ಅವಳಿಗೆ ಇಪ್ಪತ್ನಾಲ್ಕು. ಆ ಕಥೆಯನ್ನು ಯಾರಾದರೂ ಕೆದಕಿದರೆ ಎರಡೇ ಮಾತಿನಲ್ಲಿ ಮುಗಿಸುತ್ತಿದ್ದಳು. "ಹೋದೆ. ಬಂದೆ."

ಅವಳ ಕೆಲಸಕ್ಕೆ ಅವಳದೇ ಒಂದು ಕಟ್ಟಳೆಯಿತ್ತು. ಮಂದಿಗೆ ಮಾರುವ ರೊಟ್ಟಿ, ಎಂಜಲು ಕೈಯಿಂದ ಬಡಿಯಬಾರದು. ನಾಲ್ಕಕ್ಕೆ ಒಲೆ ಹಚ್ಚಿದರೆ ಕೊನೆಯ ರೊಟ್ಟಿ ಹಂಚಿನಿಂದ ಏಳುವವರೆಗೆ, ಅಂದರೆ ಹೆಚ್ಚುಕಡಿಮೆ ಹನ್ನೆರಡರವರೆಗೆ, ಅವಳು ಒಂದು ತುತ್ತು ಬಾಯಿಗಿಡುತ್ತಿರಲಿಲ್ಲ. ಆದರೆ ಒಲೆಯ ಬಾಜೂ ಚಾದ ಕಿಟ್ಲಿ ಯಾವಾಗಲೂ ಬೆಚ್ಚಗಿರುತ್ತಿತ್ತು. ಲೋಟವನ್ನು ತುಟಿಗೆ ತಾಗಿಸದೆ ಮೇಲೆತ್ತಿ ಹುಯ್ದುಕೊಳ್ಳುತ್ತಿದ್ದಳು. ತುಟಿ ತಾಗದ ಮೇಲೆ ಅದು ಎಂಜಲಲ್ಲ, ಎಂಜಲಲ್ಲದ ಮೇಲೆ ತಿಂದದ್ದೂ ಅಲ್ಲ. ಮಧ್ಯಾಹ್ನ ಉಣ್ಣುತ್ತಿದ್ದದ್ದು ರೇಶನ್ ಅಕ್ಕಿಯ ಅನ್ನ. ಮಾರುವ ರೊಟ್ಟಿಗೆ ಅವಳು ಕೈ ಹಾಕುತ್ತಿರಲಿಲ್ಲ.

ತವರಿಗೆ ಬಂದ ಮೇಲೆ ಅವಳು ನೋಡಿಕೊಂಡದ್ದು ತನ್ನ ತಾಯಿ ದುಂಡವ್ವನನ್ನು. ದುಂಡವ್ವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದೇ ಹೆಬ್ಬೆರಳಿನ ಗಾಯ ಮಾಯದೆ ಹೋದಾಗ. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲ ಕೆಳಗೆ ಕಾಲನ್ನೇ ತೆಗೆದರು. ಆರು ವರ್ಷ ಹಾಸಿಗೆ. ಆರು ವರ್ಷವೂ ಎತ್ತಿ ಕೂರಿಸಿದವಳು, ಮಲಗಿಸಿದವಳು, ಒರೆಸಿದವಳು ಸಾವಕ್ಕ. ತಾಯಿಯ ಕೊನೆಯ ನಾಲ್ಕು ವರ್ಷ ನಾನು ಈ ಗೋಡೆಯ ಆಚೆ ಇದ್ದು ಕೇಳಿಸಿಕೊಂಡಿದ್ದೇನೆ. "ಅವ್ವಾ, ನನ್ನ ಕುತಗಿ ಹಿಡಿ. ಹಾಂ, ಒಂದು, ಎರಡು." ಮೂರು ಎನ್ನುವುದು ಕೇಳುತ್ತಿರಲಿಲ್ಲ, ಅಷ್ಟರಲ್ಲಿ ಎತ್ತಿರುತ್ತಿದ್ದಳು.

ಹೋದ ವರ್ಷದ ಜನವರಿಯಲ್ಲಿ ಒಂದು ಮುಂಜಾನೆ ಗ್ರಂಥಾಲಯದಲ್ಲಿ ಆರೋಗ್ಯ ತಪಾಸಣೆ ಇಟ್ಟಿದ್ದರು. ಓದುವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಆಶಾ ಕಾರ್ಯಕರ್ತೆ ಮಂಜುಳಾ ಕೂತಿದ್ದಳು. ನಾನೇ ಹೋಗಿ ಸಾವಕ್ಕನನ್ನು ಒಲೆಯ ಮುಂದಿನಿಂದ ಎಬ್ಬಿಸಿಕೊಂಡು ಬಂದೆ.

"ಬಾ ಸಾವಕ್ಕ, ಮೂವತ್ತ ದಾಟಿದಾವ್ರಿಗೆಲ್ಲಾ ನೋಡಾಕತ್ತೀವಿ," ಎಂದಳು ಮಂಜುಳಾ.

"ನಾ ಮೂವತ್ತ ದಾಟಿ ಇಪ್ಪತ್ತೆರಡ ವರ್ಷ ಆತು. ಈಗ ನೆನಪಾತೇನ ನಿಮಗ?"

ಮಂಜುಳಾ ನಗುತ್ತ ಸೊಂಟದ ಸುತ್ತ ಟೇಪು ಹಿಡಿದಳು.

"ಜಂಪರ ಹೊಲಿಸಿ ಕೊಡ್ತೀ ಏನಬೇ? ಕೊಡೂದಿದ್ರ ಕೆಂಪಂದು ಕೊಡು."

"ತೊಂಬತ್ತೊಂದು ಸೆಂಟಿಮೀಟರ. ಹೆಣ್ಣಮಕ್ಕಳಿಗೆ ಎಂಬತ್ತರ ಒಳಗ ಇರಬೇಕು," ಎಂದು ಬರೆದುಕೊಂಡಳು. ಆಮೇಲೆ ಸೆರಗು ಸರಿಸಿ ಕುತ್ತಿಗೆಯ ಹಿಂದೆ ನೋಡಿದಳು. "ಇಲ್ಲೆ ಹಿಂಗ ಕಪ್ಪ ಯಾವಾಗಿಂದ ಆಗೇತಿ?"

"ಒಲಿ ಮುಂದ ಕುಂದ್ರಾಕಿ ನಾನು. ಹೊಗಿಗೆ ಕಪ್ಪ ಆಗದ ಬೆಳ್ಳಗ ಆಗತೈತೇನ?"

"ಹೊಗಿ ಮಾರಿಗೆ ಬಡೀತೈತಿ ಯಕ್ಕಾ, ಕುತಗಿ ಹಿಂದಲ್ಲ. ಮನ್ಯಾಗ ಯಾರಿಗರ ಸಕ್ಕರಿ ಇತ್ತೇನು?"

ಸಾವಕ್ಕನ ನಗು ಅಲ್ಲಿಗೆ ನಿಂತಿತು. "ಅವ್ವಗ," ಎಂದಳು.

"ಮುಂಜಾನಿಂದ ಏನರ ತಿಂದೀಯೇನು?"

"ಇಲ್ಲ. ಇಲ್ಲಿತನಕ ಒಲಿ ಮುಂದಽ ಇದ್ದೆ. ಅಲ್ಲೆ ಕುಂತಾಗ ನಾ ತಿನ್ನಂಗಿಲ್ಲ."

ಅವಳು ಸುಳ್ಳು ಹೇಳಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ನಾನೂ ತಲೆ ಆಡಿಸಿದೆ. ಆವತ್ತು ಆರಕ್ಕೆ ಅವಳ ಮನೆಯಲ್ಲಿ ನಾನೇ ಒಂದು ಲೋಟ ಚಾ ಕುಡಿದಿದ್ದೆ, ಅವಳೂ ನನ್ನೆದುರು ಹುಯ್ದುಕೊಂಡಿದ್ದಳು. ಅದು ನನಗೂ ನೆನಪಾಗಲಿಲ್ಲ. ಮಂಜುಳಾ ಬೆರಳ ತುದಿಗೆ ಸೂಜಿ ಚುಚ್ಚಿ ಪಟ್ಟಿಗೆ ರಕ್ತ ಹಚ್ಚಿದಳು. ಪುಟ್ಟ ಯಂತ್ರ ನೂರಾ ಅರವತ್ತೆಂಟು ತೋರಿಸಿತು.

"ಖಾಲಿ ಹೊಟ್ಟಿಗೆ ಇಷ್ಟ ಇರಬಾರ್ದವಾ," ಎಂದು ಮಂಜುಳಾ ಮೆಲ್ಲಗೆ ಹೇಳಿದಳು. "ಬೆರಳಿನ ರಕ್ತದ್ದು ಪಕ್ಕಾ ಅಲ್ಲ. ನವಲಗುಂದಕ್ಕ ಹೋಗಿ ನರದ ರಕ್ತ ಕೊಟ್ಟ ನೋಡಸು. ಚೀಟಿ ಬರದ ಕೊಡ್ತೀನಿ. ತಡಾ ಮಾಡಬ್ಯಾಡ."

ಸಾವಕ್ಕ ಚೀಟಿಯನ್ನು ಮಡಚಿ ಜಂಪರಿನೊಳಗೆ ಇಟ್ಟುಕೊಂಡಳು. ಆ ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಯಾವಾಗಲೂ ಬಂದ ಕೂಡಲೇ ಊರಿನ ಸುದ್ದಿ ಶುರು ಮಾಡುವವಳು ಸುಮ್ಮನೆ ತನ್ನ ಪಾದ ನೋಡಿಕೊಳ್ಳುತ್ತಿದ್ದಳು.

"ನಂದಾ, ಅವ್ವಗ ನಾ ಇದ್ದೆ," ಎಂದಳು. "ನನಗ ಯಾರದಾರ? ನನ್ನ ಯಾರ ಎತ್ತಿ ಕುಂದ್ರಸ್ತಾರ?"

"ಹುಚ್ಚಿ, ದೇವರದಾನ," ಎಂದೆ.

"ದೇವರ ಬಂದ ಕುಂಡಿ ತೊಳೀತಾನೇನ?"

ನಾನು ನಕ್ಕೆ. ನಾನಿದ್ದೇನಲ್ಲ ಎಂದು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಈ ನಾಲ್ಕು ತಿಂಗಳಲ್ಲಿ ಬಹಳ ಸಲ ಕೇಳಿಕೊಂಡಿದ್ದೇನೆ. ನಾಲ್ಕು ವರ್ಷ ಆ ಚಾಕರಿಯನ್ನು ಗೋಡೆಯಾಚೆಯಿಂದ ಕೇಳಿದ್ದ ನನಗೆ ಅಷ್ಟು ದೊಡ್ಡ ಮಾತು ಕೊಡುವ ಧೈರ್ಯವಿರಲಿಲ್ಲ. ಇದೇ ನಿಜ.

ನವಲಗುಂದಕ್ಕೆ ಹೋಗೋಣ ಎಂದರೆ ನಾಳೆ ಎಂದಳು. ನಾಳೆ ಆರ್ಡರ್ ಇದೆ, ನಾಡಿದ್ದು ಅಮಾವಾಸ್ಯೆ. ಹೀಗೆ ಹನ್ನೆರಡು ದಿನ ಹೋದವು. ಆ ಹನ್ನೆರಡು ದಿನ ಅವಳು ಮಾಡಿದ್ದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಮೊದಲು ಅನ್ನ ಬಿಟ್ಟಳು. ಆಮೇಲೆ ರಾತ್ರಿಯ ಊಟವನ್ನೇ ಬಿಟ್ಟಳು. ಹಾಗಲಕಾಯಿ ರಸ ಕುಡಿದಳು. ಹಸಿವಾದಾಗೆಲ್ಲ ಇನ್ನೊಂದು ಲೋಟ ಚಾ ಕುಡಿದಳು. ಕೊನೆಗೆ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದ ಶಂಭುಲಿಂಗಪ್ಪ ಕಾಕಾನ ಮನೆಗೆ ರೊಟ್ಟಿ ಕೊಡಲು ಹೋದಾಗ ಅವರ ಗುಳಿಗೆಯ ಪಟ್ಟಿ ಅರ್ಧ ಕೇಳಿ ತಂದಳು.

ಒಂದು ದಿನ ಬೆಳಿಗ್ಗೆ ಆರೂವರೆಗೆ ಬಡಿಯುವ ಸಪ್ಪಳ ನಿಂತಿತು. ಆ ಹೊತ್ತಿನಲ್ಲಿ ಅದು ನಿಲ್ಲುವುದಿಲ್ಲ. ನಾನು ಹೋಗಿ ನೋಡಿದರೆ ಸಾವಕ್ಕ ಗೋಡೆಗೆ ಒರಗಿ ಕೂತಿದ್ದಳು. ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಕಾಗಿತ್ತು. ಮೈಯೆಲ್ಲ ತಣ್ಣನೆಯ ಬೆವರು, ಹಿಟ್ಟು ಹಿಡಿದ ಕೈ ಗದಗದ ನಡುಗುತ್ತಿತ್ತು. "ಎಷ್ಟ ಆದವು, ಎಷ್ಟ ಆದವು" ಎಂದು ಅದೊಂದೇ ಮಾತನ್ನು ತೊದಲುತ್ತಿದ್ದಳು. ಹಿಟ್ಟಿನ ಪರಾತದ ಪಕ್ಕದಲ್ಲಿ ಗುಳಿಗೆಯ ಪಟ್ಟಿ ಕಂಡಿತು. ಉಣ್ಣದೆ ಈ ಗುಳಿಗೆ ತಗೊಂಡರೆ ಸಕ್ಕರೆ ಒಮ್ಮೆಲೇ ಇಳಿದುಬಿಡುತ್ತದೆ ಎಂದು ಓದಿದ್ದೆ. ಆದರೂ ಸಕ್ಕರೆ ಹೆಚ್ಚಾಗಿದೆ ಎಂದು ಹೆದರಿದವಳ ಬಾಯಿಗೆ ಸಕ್ಕರೆ ಹಾಕಲು ನನ್ನ ಕೈ ಒಂದು ಗಳಿಗೆ ಹಿಂದೆ ಮುಂದೆ ನೋಡಿತು. ನುಂಗುವಷ್ಟು ಎಚ್ಚರವಿದ್ದಾಳೆ ಎಂದು ನೋಡಿಕೊಂಡು ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಸ್ವಲ್ಪ ಸ್ವಲ್ಪವೇ ಕುಡಿಸಿದೆ. ಕಾಲು ಗಂಟೆಗೆ ಕಣ್ಣು ತಿಳಿಯಾಯಿತು. ನನ್ನನ್ನು ನೋಡಿದಳು, ಹಂಚು ನೋಡಿದಳು.

"ರೊಟ್ಟಿ ಸುಟ್ಟೆ," ಎಂದಳು. "ಯವ್ವಾ, ಒಂದಿನಾನೂ ಸುಟ್ಟಿರಲಿಲ್ಲ."

ಊರಿನಲ್ಲಿ ಬಾಡಿಗೆಗೆ ಓಡಿಸುವ ಮಾಬುಸಾಬನ ಟಂಟಂ ಆಟೋ ಹಿಡಿದು ಆಗಲೇ ನವಲಗುಂದಕ್ಕೆ ಹೊರಟೆವು, ದಾರಿಯುದ್ದಕ್ಕೂ ಅವಳಿಗೆ ಬಾಳೆಹಣ್ಣು ತಿನ್ನಿಸುತ್ತ. ಸುದ್ದಿ ಕೇಳಿ ಓಡಿ ಬಂದು ನಮ್ಮ ಜೊತೆ ಹತ್ತಿದ್ದ ಮಂಜುಳಾ, ಗುಳಿಗೆ ಯಾರದೆಂದು ಸಾವಕ್ಕನಿಂದ ಕೇಳಿ ತಿಳಿದಿದ್ದಳು. ಮನೆಯ ಬಾಗಿಲಲ್ಲಿ ನಿಂತಿದ್ದ ಶಂಭುಲಿಂಗಪ್ಪ ಕಾಕಾನನ್ನು ನೋಡಿ ಟಂಟಂ ಒಳಗಿನಿಂದಲೇ ಕೂಗಿದಳು. "ಕಾಕಾ, ಕೇಳಿದ್ರ ನಿಮ್ಮ ಚಶ್ಮಾನೂ ಕೊಡ್ತಿದ್ರೇನ ಆಕಿಗೆ?"

"ಒಳ್ಳೇದಾಗ್ಲಿ ಅಂತ ಕೊಟ್ಟೆನವಾ," ಎಂದ ಮುದುಕ.

ದವಾಖಾನೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ದಕ್ಷಿಣದ ಜಿಲ್ಲೆಗಳ ಕಡೆಯವರು. ಮೊದಲು ಸಾವಕ್ಕನನ್ನು ಮಧ್ಯಾಹ್ನದವರೆಗೆ ಮಲಗಿಸಿಕೊಂಡು ಮತ್ತೆ ಮತ್ತೆ ಬೆರಳು ಚುಚ್ಚಿ ನೋಡಿದರು. ಆ ಗುಳಿಗೆಯ ಪ್ರಭಾವ ಬಹಳ ಹೊತ್ತು ಇರುತ್ತದಂತೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಕೇಳಿದರು.

"ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಏನೇನು ಹೋಗುತ್ತೆ, ಗಂಟೆ ಪ್ರಕಾರ ಹೇಳಿ."

"ಹನ್ನೆರಡರ ಮಟಾ ಏನೂ ಹೋಗಂಗಿಲ್ಲರಿ."

"ನೀರೂ ಕುಡಿಯಲ್ವಾ?"

"ನೀರ ಎಲ್ಲೀದರಿ, ಒಲಿ ಮುಂದ. ಚಾ ಕುಡೀತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಷ್ಟು?"

"ಚಾ ಏನ ಊಟರೀ?" ಎಂದಳು ಸಾವಕ್ಕ, ನಿಜವಾದ ಆಶ್ಚರ್ಯದಿಂದ. ಆಮೇಲೆ ನನ್ನ ಕಡೆ ನೋಡಿದಳು. ಇಬ್ಬರೂ ಸೇರಿ ಎಣಿಸಿದೆವು. ಒಲೆ ಹಚ್ಚಿದಾಗ ಒಂದು, ಹಿಟ್ಟು ಎರಡನೇ ಸಲ ನಾದುವಾಗ ಒಂದು, ನಾನು ಬಂದಾಗ ನನ್ನ ಜೊತೆ ಒಂದು, ಬಸ್ಸಿಗೆ ಬುಟ್ಟಿ ಕಳಿಸಿ ಒಂದು, ಬಿಸಿಲೇರಿದ ಮೇಲೆ ಎರಡು. ಲೋಟಕ್ಕೆ ಮೂರು ಚಮಚ ಸಕ್ಕರೆ. ಊಟಕ್ಕೆ ಮುಂಚೆಯೇ ಹದಿನೆಂಟು ಚಮಚ.

"ತಪಾಸಣೆ ದಿನ ಎಷ್ಟು ಕುಡಿದಿದ್ರಿ?"

"ನಾಕ," ಎಂದಳು. ಈಗ ಅವಳ ದನಿ ಸಣ್ಣಗಾಗಿತ್ತು. "ಯಾರೂ ಚಾ ಕೇಳಲಿಲ್ಲರಿ. ತಿಂದೀಯೇನು ಅಂತ ಕೇಳಿದ್ರು."

ಡಾಕ್ಟರಮ್ಮ ಬೈಯಲಿಲ್ಲ. ಆವತ್ತಿನ ನೂರಾ ಅರವತ್ತೆಂಟನ್ನು ಖಾಲಿ ಹೊಟ್ಟೆಯದು ಎಂದು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ, ಹಾಗಂತ ಏನೂ ಇಲ್ಲ ಎನ್ನಲೂ ಬರುವುದಿಲ್ಲ ಎಂದರು. ತಾಯಿಗೆ ಇತ್ತು, ಸೊಂಟದ ಸುತ್ತಳತೆ ಹೆಚ್ಚಿದೆ, ಕುತ್ತಿಗೆ ಕಪ್ಪಾಗಿದೆ. ನೋಡಲೇಬೇಕು. ಗುಳಿಗೆ ಮೈಯಿಂದ ಪೂರ್ತಿ ಹೋಗಲಿ, ನಾಲ್ಕು ದಿನ ಎಂದಿನಂತೆ ಉಣ್ಣಿ, ಆಮೇಲೆ ಹಿಂದಿನ ರಾತ್ರಿ ಊಟವಾದ ನಂತರ ಬರೀ ನೀರು. ಚಾ ಇಲ್ಲ, ಹಾಲಿಲ್ಲ, ಪ್ರಸಾದದ ಸಕ್ಕರೆಯೂ ಇಲ್ಲ. ಅದರ ಜೊತೆಗೆ ಇನ್ನೊಂದು ರಕ್ತಪರೀಕ್ಷೆ, ಕಳೆದ ಮೂರು ತಿಂಗಳ ಸರಾಸರಿ ಹೇಳುವಂಥದ್ದು.

"ಅದಕ್ಕ ಸುಳ್ಳ ಹೇಳಾಕ ಬರಂಗಿಲ್ಲೇನ್ರಿ?" ಎಂದು ಸಾವಕ್ಕ ಕೇಳಿದಳು.

"ಬರಲ್ಲ."

"ಹಂಗಾರ ಅದನ್ನಽ ಮಾಡ್ರಿ."

ಪರೀಕ್ಷೆಯ ದಿನ ಅವಳು ಒಲೆ ಹಚ್ಚಲಿಲ್ಲ. ತಾಯಿ ತೀರಿಕೊಂಡ ಮೇಲೆ ಒಲೆ ಹಚ್ಚದ ಮೊದಲ ದಿನ ಅದು. ಒಲೆ ಮುಂದೆ ಕೂತರೆ ಕೈ ತಾನಾಗಿ ಕಿಟ್ಲಿಗೆ ಹೋಗುತ್ತದೆ ಎಂದು ನಾಲ್ಕಕ್ಕೇ ನನ್ನ ಮನೆಗೆ ಬಂದು ಕೂತಿದ್ದಳು. ರಕ್ತ ತೆಗೆದ ಹುಡುಗಿ ಹತ್ತಿ ಒತ್ತಿ ಹಿಡಿಯಿರಿ ಎನ್ನುತ್ತಿದ್ದಂತೆ, "ಇನ್ನ ಚಾ ಕುಡೀಬಹುದಲ್ಲಾ?" ಎಂದು ಕೇಳಿದಳು.

ರಿಪೋರ್ಟು ಮರುದಿನ ಬಂತು. ಖಾಲಿ ಹೊಟ್ಟೆಯದು ನೂರಾ ಹದಿನಾಲ್ಕು. ಮೂರು ತಿಂಗಳದ್ದು ಆರು ಪಾಯಿಂಟ್ ಒಂದು. ಡಾಕ್ಟರಮ್ಮ ಕಾಗದವನ್ನು ಸಾವಕ್ಕನ ಕಡೆ ತಿರುಗಿಸಿ ಹಿಡಿದರು. ಅವಳಿಗೆ ಅಂಕಿಗಳನ್ನು ಓದಲು ಬರುತ್ತಿತ್ತು.

"ಖಾಲಿ ಹೊಟ್ಟೆಯದು ನೂರರ ಒಳಗಿದ್ದರೆ ಚಿಂತೆಯಿಲ್ಲ. ನೂರಿಪ್ಪತ್ತಾರು ಮುಟ್ಟಿದರೆ ಸಕ್ಕರೆ ಕಾಯಿಲೆ. ನೀವು ನಡುವೆ ಇದ್ದೀರಿ. ಈ ಇನ್ನೊಂದೂ ಅದನ್ನೇ ಹೇಳುತ್ತೆ. ಐದೂ ಮುಕ್ಕಾಲಿನ ಹತ್ತಿರ ಗಡಿ ಶುರು, ಆರೂವರೆಗೆ ಕಾಯಿಲೆ. ಅಂದರೆ ಕಾಯಿಲೆ ಇನ್ನೂ ಬಂದಿಲ್ಲ. ಅದರ ಹೊಸ್ತಿಲಲ್ಲಿ ನಿಂತಿದ್ದೀರಿ."

"ಅವ್ವನೂ ಹಿಂಗಽ ಹೊಸ್ತಿಲದಾಗ ನಿಂತಿದ್ಲೇನ್ರಿ?"

"ನಿಂತಿರ್ತಾರೆ, ಎಷ್ಟೋ ವರ್ಷ. ನೋವಿಲ್ಲ, ಏನೂ ಗೊತ್ತಾಗಲ್ಲ. ಯಾರೂ ನೋಡಿಸಿರಲ್ಲ."

ಸಾವಕ್ಕ ಆ ಎರಡು ಅಂಕಿಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದ್ದು ಒಂದೇ. "ಹಿಂದ ಸರೀಬಹುದೇನ್ರಿ?"

ಸರಿಯಬಹುದು ಎಂದರು. ಎಲ್ಲರಿಗೂ ಪೂರ್ತಿ ಆಗುವುದಿಲ್ಲ, ಆದರೆ ಕಾಯಿಲೆಯನ್ನು ವರ್ಷಗಟ್ಟಲೆ ದೂರ ಇಡಬಹುದು. ಸದ್ಯಕ್ಕೆ ಗುಳಿಗೆ ಬೇಡ, ಇನ್ನೊಬ್ಬರದಂತೂ ಜನ್ಮದಲ್ಲಿ ಬೇಡ. ಚಾದಲ್ಲಿ ಸಕ್ಕರೆ ಬಿಡಬೇಕು. ಎಂಟು ತಾಸು ಹಸಿದು ಕೂತು ಆಮೇಲೆ ತಾಟು ತುಂಬ ಅನ್ನ ಉಣ್ಣುವುದು ನಿಲ್ಲಬೇಕು. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಿನ್ನಬೇಕು. ರೊಟ್ಟಿ ತಿನ್ನಬಹುದು, ಆದರೆ ಎರಡೇ. ಅದರ ಜೊತೆ ಪಲ್ಯ, ಕಾಳು ಹೆಚ್ಚು. ದಿನಾ ಅರ್ಧ ತಾಸು ಬಿರುಸಾಗಿ ನಡೆಯಬೇಕು. ನಾಲ್ಕೈದು ಕಿಲೋ ಇಳಿಯಬೇಕು. ವರ್ಷಕ್ಕೊಮ್ಮೆ ಮತ್ತೆ ರಕ್ತ.

"ಊರಿಗೆಲ್ಲ ರೊಟ್ಟಿ ಕೊಟ್ಟು ನೀವು ಅನ್ನ ತಿಂತೀರಂತೆ," ಎಂದು ನಕ್ಕರು.

"ನನ್ನ ರೊಟ್ಟಿ ನನಗಽ ತುಟ್ಟಿ ಆಗೇತ್ರಿ."

ಸಕ್ಕರೆ ಬಿಡುವುದು ಒಂದೇ ದಿನಕ್ಕೆ ಆಗಲಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದೆವು. ಕೊನೆಯ ವಾರ ಲೋಟ ಎತ್ತಿ ಹುಯ್ದುಕೊಂಡು, "ಮದ್ದ ಕುಡದಂಗ ಆತು" ಎಂದು ಮುಖ ಕಿವುಚಿದಳು. ಆದರೆ ನಿಜವಾದ ತೊಡಕು ಬೆಳಗಿನ ತಿಂಡಿಯದು. ತಿನ್ನಬೇಕಾದರೆ ಒಲೆ ಬಿಟ್ಟು ಏಳಬೇಕು, ಕೈ ತೊಳೆಯಬೇಕು, ತಿಂದು ಮತ್ತೆ ತೊಳೆದು ಬರಬೇಕು. ಬಸ್ಸು ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ತೊಳೆದರೂ ಎಂಜಲು ಕೈಯೇ ಎಂಬುದು ಅವಳ ಮನಸ್ಸಿನಿಂದ ಹೋಗಲಿಲ್ಲ. ಎರಡು ದಿನ ಪ್ರಯತ್ನಿಸಿ ಮೂರನೇ ದಿನ ಬಿಟ್ಟಳು.

ನಾಲ್ಕನೇ ದಿನ ನಾನು ಏಳಕ್ಕೆ ತಾಟು ಹಿಡಿದುಕೊಂಡು ಹೋದೆ. ಒಂದು ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದೆ.

"ಏನ ಮಾಡಾಕತ್ತೀ?"

"ನಿನ್ನ ಕೈ ಎಂಜಲಾಗಂಗಿಲ್ಲ. ಬಾಯಿ ತೆಗಿ."

"ನಾ ಏನ ಕೂಸೇನ? ಯಾರರ ನೋಡಿದ್ರ ನಗತಾರ."

"ನಗಲಿ. ತೆಗಿ ಬಾಯಿ, ಬಸ್ ಬರತೈತಿ."

ತೆಗೆದಳು. ಅಗಿಯುತ್ತ ರೊಟ್ಟಿ ತಿರುವಿ ಹಾಕಿದಳು. ಕಣ್ಣಲ್ಲಿ ನೀರಿತ್ತು, ಹೊಗೆ ಎಂದಳು. ಆ ದಿನದಿಂದ ಹೆಚ್ಚುಕಡಿಮೆ ಹದಿಮೂರು ತಿಂಗಳು, ಗ್ರಂಥಾಲಯದ ಬಾಗಿಲು ತೆಗೆಯುವ ಮುಂಚೆ ಇದು ನನ್ನ ಕೆಲಸವಾಯಿತು. ಉಪ್ಪು ಹೆಚ್ಚಾದರೆ ಬೈಯುತ್ತಿದ್ದಳು. ತುತ್ತು ದೊಡ್ಡದಾದರೆ, "ನಿನ್ನ ಬಾಯಿ ಅಳತಿ ಮ್ಯಾಲ ಮಾಡಬ್ಯಾಡ" ಎನ್ನುತ್ತಿದ್ದಳು. ನನಗೂ ಅಲ್ಲೇ ತಿನ್ನಿಸದೆ ಬಿಡುತ್ತಿರಲಿಲ್ಲ. ಅದಕ್ಕೆ ಮುಂಚೆ ಒಬ್ಬಳೇ ಇರುವವಳಿಗೆ ಏನು ತಿಂಡಿ ಎಂದು ನಾನೂ ಚಾದ ಮೇಲೇ ಹನ್ನೊಂದರವರೆಗೆ ಇರುತ್ತಿದ್ದವಳು.

ಸಂಜೆ ಕಾಲುವೆಯ ದಂಡೆಯ ಮೇಲೆ ನಡೆಯುತ್ತಿದ್ದೆವು. ಮಳೆ ಶುರುವಾದ ಮೇಲೆ ಅದು ಆಗುವ ಮಾತಲ್ಲ. ನಮ್ಮ ಎರೆಮಣ್ಣು ಹತ್ತು ಹೆಜ್ಜೆಗೆ ಚಪ್ಪಲಿಯ ಕೆಳಗೆ ಇನ್ನೊಂದು ಚಪ್ಪಲಿ ಕಟ್ಟುತ್ತದೆ. ಓದುವವರೆಲ್ಲ ಹೋದ ಮೇಲೆ ಗ್ರಂಥಾಲಯದೊಳಗೇ ಮೇಜಿನ ಸುತ್ತ ಸುತ್ತಿದೆವು. ಸಾವಕ್ಕ ಒಂದು ಸುತ್ತಿಗೊಂದು ಹುಣಸೆಬೀಜ ಮೇಜಿನ ಮೇಲೆ ಇಡುತ್ತ ಹೋಗುತ್ತಿದ್ದಳು. ಒಮ್ಮೆ ಕಪಾಟಿನ ಮುಂದೆ ನಿಂತು, "ಇವನ್ನೆಲ್ಲಾ ಓದೀಯೇನ?" ಎಂದು ಕೇಳಿದಳು.

"ಬಹಳಷ್ಟು ಓದೀನಿ."

"ಒಂದ್ರಾಗರ ಚಾ ಅಂದ್ರ ಊಟ ಅಂತ ಬರದಿತ್ತೇನ?"

"ಇರಲಿಲ್ಲ."

"ಮತ್ತ ಏನ ಓದಿದ್ದೀ? ನಡಿ, ಇನ್ನ ಹದಿನೆಂಟ ಸುತ್ತ ಅದಾವು."

ಈ ವರ್ಷದ ಜನವರಿಯಲ್ಲಿ ಮತ್ತೆ ರಕ್ತ ಕೊಟ್ಟೆವು. ಖಾಲಿ ಹೊಟ್ಟೆಯದು ನೂರಾ ಎರಡು, ಮೂರು ತಿಂಗಳದ್ದು ಐದು ಪಾಯಿಂಟ್ ಎಂಟು. ನಾಲ್ಕು ಕಿಲೋ ಇಳಿದಿದ್ದಳು. ನನಗೆ ಖುಷಿಯಾಯಿತು, ಸಾವಕ್ಕನ ಮುಖ ಬಾಡಿತು. ನೂರರೊಳಗೆ ಬರಬೇಕೆಂದು ಅವಳು ಮನಸ್ಸಿನಲ್ಲಿ ಹಟ ಹಿಡಿದಿದ್ದಳು.

"ಎರಡ ಮಾರ್ಕಿಗೆ ನಪಾಸ ಆದೆ," ಎಂದಳು.

ಡಾಕ್ಟರಮ್ಮ ನಕ್ಕರು. "ಇದರಲ್ಲಿ ಪಾಸಾಗಿ ಮನೆಗೆ ಹೋಗೋದು ಅಂತ ಇಲ್ಲ ಸಾವಕ್ಕ. ಪ್ರತಿ ವರ್ಷ ಪರೀಕ್ಷೆಗೆ ಕೂರಬೇಕು. ಹೋದ ಸಲಕ್ಕಿಂತ ಹಿಂದೆ ಸರಿದಿದ್ದೀರಿ, ಅಷ್ಟು ಸಾಕು." ಆಮೇಲೆ ನನ್ನ ಕಡೆ ತಿರುಗಿ, "ನೀವು ನೋಡಿಸಿದ್ದೀರಾ?" ಎಂದರು. ನಾನು ಮುಂದಿನ ಸಲ ಎಂದೆ.

ಮಾರ್ಚಿನಲ್ಲಿ ಹತ್ತಿ ಬಿಡಿಸಿ ಮುಗಿದು ಹೊಲದಿಂದ ಹತ್ತಿಕಟ್ಟಿಗೆ ಬಂದಿತ್ತು. ಅವಳ ಒಲೆಗೆ ವರ್ಷವಿಡೀ ಅದೇ ಉರುವಲು. ಹಿತ್ತಲಲ್ಲಿ ಬಣವೆಯಂತೆ ಒಟ್ಟಿದ್ದಳು. ಒಂದು ಮಧ್ಯಾಹ್ನ ಕಟ್ಟಿಗೆ ಎಳೆಯುವಾಗ ಮಂಡಲದ ಹಾವು ಕಚ್ಚಿತು. ಎಡಗಾಲಿನ ಪಾದದ ಮೇಲೆ. ಮಾಬುಸಾಬನ ಟಂಟಂನಲ್ಲಿ ನವಲಗುಂದ, ಅಲ್ಲಿ ಮೊದಲ ಇಂಜೆಕ್ಷನ್ ಕೊಟ್ಟು ಆಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿ. ಕಾಲು ತೊಡೆಯವರೆಗೆ ಬಾತು ಕಪ್ಪಾಗಿತ್ತು. ಹುಬ್ಬಳ್ಳಿಯಲ್ಲಿ ಚೀಟಿ ಬರೆದುಕೊಳ್ಳುತ್ತಿದ್ದ ಎಳೆಯ ಡಾಕ್ಟರ್, "ಶುಗರ್ ಇದೆಯಾ?" ಎಂದು ಕೇಳಿದ.

ಆ ನೋವಿನಲ್ಲೂ ಸಾವಕ್ಕ ತಲೆ ಎತ್ತಿದಳು. "ಇಲ್ಲರಿ. ಹೊಸ್ತಿಲದಾಗ ಅದೀನಿ. ಒಳಗ ಹೋಗಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ನಾನು ಅಂಕಿಗಳನ್ನು ಹೇಳಿದೆ.

ಒಂಬತ್ತು ದಿನ ಅಲ್ಲಿದ್ದೆವು. ವಿಷ ಮೂತ್ರಪಿಂಡಕ್ಕೆ ಇಳಿದಿತ್ತು. ಅವಳ ತಲೆಯ ಹತ್ತಿರ ಮೊಣಕಾಲೂರಿ, ತೋಳು ನನ್ನ ಕುತ್ತಿಗೆಗೆ ಹಾಕಿಸಿಕೊಂಡು ಎತ್ತಿ ಕೂರಿಸುವುದನ್ನು ಮೊದಲನೇ ದಿನವೇ ಕಲಿತೆ. ಅವಳೇ ಕಲಿಸಿದಳು. "ಸೊಂಟದಿಂದ ಎತ್ತಬ್ಯಾಡ, ಮೊಣಕಾಲಿನಿಂದ ಎತ್ತು. ಇಲ್ಲಂದ್ರ ನಾಳೆ ನೀನೂ ಬಾಜೂ ಕಾಟಿನ ಮ್ಯಾಲ ಬಂದ ಬೀಳ್ತೀ." ಬಟ್ಟೆ ಬದಲಿಸುವಾಗ, ಒರೆಸುವಾಗ ಅವಳು ಮುಖ ಆ ಕಡೆ ತಿರುಗಿಸುತ್ತಿದ್ದಳು. ಮೂರನೇ ದಿನ ಹಾಗೆ ತಿರುಗಿಕೊಂಡೇ, "ನಂದಾ, ನಿನಗ ಹೇಸಿಗಿ ಬರಂಗಿಲ್ಲೇನ?" ಎಂದಳು.

"ಇಲ್ಲ," ಎಂದೆ.

"ನನಗ ಮೊದಮೊದಲ ಬರತಿತ್ತು, ಅವ್ವಗ ಮಾಡುವಾಗ. ಆಕಿಗೆ ಗೊತ್ತಿತ್ತು." ಸ್ವಲ್ಪ ಹೊತ್ತಿನ ಮೇಲೆ, "ನಿನಗ ಬಂದಿದ್ರೂ ನೀ ಹೇಳಂಗಿಲ್ಲ ಬಿಡು," ಎಂದಳು.

ಒಂಬತ್ತನೇ ದಿನ ಬ್ಲಡ್ ರಿಪೋರ್ಟು, ಔಷಧಿ ಅಂಗಡಿ, ಕೌಂಟರು ಎಂದು ಬೆಳಗಿನಿಂದ ಓಡಾಡಿದ್ದೆ. ಹನ್ನೊಂದಕ್ಕೆ ಬಂದು ಕೂತಾಗ ಅವಳು ಕಣ್ಣು ತೆರೆದು ನನ್ನ ಮುಖ ನೋಡಿದಳು.

"ಏನ ತಿಂದೀ?"

"ಚಾ ಕುಡದೀನಿ."

"ಚಾ," ಎಂದಳು, ಸಿಟ್ಟಿನಿಂದ. ದನಿ ಇರಲಿಲ್ಲ, ಸಿಟ್ಟು ಇತ್ತು. "ಎದ್ದ ಹೋಗು. ಉಂಡ ಬಾ. ಕುಂತ ಉಣ್ಣು, ನಿಂತ ನುಂಗಬ್ಯಾಡ."

ಹೋದೆ. ದವಾಖಾನೆಯ ಎದುರಿನ ಖಾನಾವಳಿಯಲ್ಲಿ ಕೂತು ರೊಟ್ಟಿ ಉಂಡೆ. ಅವಸರ ಮಾಡಲಿಲ್ಲ, ಅವಳು ಕೇಳುತ್ತಾಳೆ ಎಂದು. ಇಪ್ಪತ್ತೈದು ನಿಮಿಷ ಆಗಿರಬೇಕು. ಮೇಲೆ ಬಂದಾಗ ಕಾಟಿನ ಸುತ್ತ ಹಸಿರು ಪರದೆ ಎಳೆದಿದ್ದರು.

ಆ ವಾರ್ಡಿನ ಆಯಾ ಖುಷ್ಬೂ ಎಂಬ ಹೆಣ್ಣುಮಗಳು. ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. ಪರದೆಯ ಹೊರಗೆ ನಿಂತು ನನಗೆ ಹೇಳಿದಳು. "ನೀರ ಕೇಳಿದ್ರಿ. ಎತ್ತಿ ಕುಂದ್ರಸಿ ಹಿಡಕೊಂಡಿದ್ದೆ. ಕಣ್ಣ ಮುಚ್ಚಿದ್ರು, ನೀವಽ ಅಂತ ತಿಳಕೊಂಡ್ರು. 'ಇಷ್ಟ ಲಗೂನ ಬಂದೀ, ಉಂಡಿಲ್ಲ ನೀ' ಅಂತ ಬೈದ್ರು ನನಗ. 'ಉಂಡೀನಿ' ಅಂದ್ನಿ. 'ಏನ ಉಂಡೀ' ಅಂದ್ರು. ಅಷ್ಟರಾಗ ನನ್ನ ಮ್ಯಾಲ ಭಾರ ಬಿಟ್ರು."

ಸಾವಕ್ಕನಿಗೆ ಜೀವಮಾನವಿಡೀ ಇದ್ದ ಒಂದೇ ಹೆದರಿಕೆ, ತನ್ನನ್ನು ಎತ್ತಿ ಕೂರಿಸುವವರು ಯಾರೂ ಇರುವುದಿಲ್ಲ ಎಂಬುದು. ಕೊನೆಯ ಸಲ ಎತ್ತಿ ಕೂರಿಸಿದವಳು ಸಾವಕ್ಕನಿಗೆ ಹೆಸರೂ ಗೊತ್ತಿಲ್ಲದ ಹುಡುಗಿ. ಆದರೆ ಅವಳಿಗೆ ಅದು ತಿಳಿಯಲಿಲ್ಲ. ನನ್ನ ಕೈಯೆಂದೇ ತಿಳಿದು ಬೈದಳು. ಇದರಿಂದ ಸಮಾಧಾನ ಮಾಡಿಕೊಳ್ಳಬೇಕೋ ಬೇಡವೋ, ನನಗಿನ್ನೂ ಗೊತ್ತಾಗಿಲ್ಲ.

ಖುಷ್ಬೂಗೆ ನಾನು ಹೇಳಿದ್ದು ಇಷ್ಟೇ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಕುಂತು ಉಂಡೆ.